ಅಜ್ಜಿ ಬಿದ್ದ ಸುದ್ದಿ ಮತ್ತು ಭಾನುವಾರದ ಹತ್ತು ನಿಮಿಷ

(ಗುರುತು ಹತ್ತಬಾರದೆಂದು ಕಸುಬು, ವಯಸ್ಸು, ಊರಿನ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿಗೆ ಸಲಹೆಗೆಂದು ಬಂದವರು 46 ವರ್ಷದ ಒಬ್ಬ ತಂದೆ. ಮೂಲ ಕುಂದಾಪುರದ ಕಡೆ, ಮನೆ ಡೊಂಬಿವಿಲಿಯಲ್ಲಿ. ಅಂಧೇರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಬೆಳಗಿನ ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಮೆಟ್ರೋಗೆ ಬದಲಿಸಿ ಹೋದರೆ ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಮೂವರು ಮಕ್ಕಳಲ್ಲಿ ದೊಡ್ಡ ಇಬ್ಬರು, 14ರ ಮಗಳು ಮತ್ತು 11ರ ಮಗ, ಊರಿನ ಹತ್ತಿರದ ವಸತಿ ಶಾಲೆಯಲ್ಲಿದ್ದಾರೆ. ಚಿಕ್ಕವಳು ಮುಂಬಯಿಯಲ್ಲೇ ಎರಡನೇ ತರಗತಿ.

ಅವರು ಕೇಳಿದ್ದು ಇಷ್ಟೇ: "ಮಗ ಭಾನುವಾರ ಫೋನಿಗೆ ಬಂದ್ರೆ ಅಳ್ತಾನೆ, ಮಗಳು ಫೋನಿಗೇ ಬರುವುದಿಲ್ಲ. ಹೊಟ್ಟೆನೋವು ಅಂತ ವಾರ್ಡನ್ ಎರಡು ಸಲ ಫೋನ್ ಮಾಡಿದ್ರು. ಕರೆದುಕೊಂಡು ಬರ್ಲಾ, ಬಿಡ್ಲಾ?"

ಕರೆತರುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮೊದಲು ಎರಡು ಕೆಲಸ ಮಾಡಿಸಿದೆವು. ಒಂದು, ಮಗನನ್ನು ಅಲ್ಲಿನ ಡಾಕ್ಟರಿಗೆ ತೋರಿಸುವುದು. ಮನಸ್ಸಿನ ಹೊಟ್ಟೆನೋವು ಎಂದು ಊಹಿಸುವ ಮೊದಲು ಜಂತುಹುಳ, ಮಲಬದ್ಧತೆ, ಮೂತ್ರದ ಸೋಂಕು ಇಲ್ಲವೆಂದು ಖಚಿತವಾಗಬೇಕು. ಹಾಸ್ಟೆಲ್ ಹುಡುಗರು ಶೌಚಾಲಯಕ್ಕೆ ಹೋಗಲು ನಾಚಿ ತಡೆದುಕೊಳ್ಳುವುದು ತೀರಾ ಸಾಮಾನ್ಯ. ಡಾಕ್ಟರು ಏನೂ ಇಲ್ಲವೆಂದರು. ಎರಡನೆಯದು, ಮುಂದಿನ ಭಾನುವಾರದ ಫೋನಿನಲ್ಲಿ ತಂದೆ ಏನೇನು ಮಾತಾಡಿದರು ಎನ್ನುವುದನ್ನು ಅವರ ಹೆಂಡತಿ ಪಕ್ಕದಲ್ಲಿ ಕೂತು ಚೀಟಿಯಲ್ಲಿ ಬರೆದುಕೊಳ್ಳುವುದು.

ಚೀಟಿ ಓದಿದಾಗ ಅರ್ಧ ಪ್ರಕರಣ ಬಿಚ್ಚಿಕೊಂಡಿತು. ಹಾಸ್ಟೆಲ್ ಕೊಡುವುದು ಹತ್ತು ನಿಮಿಷ, ಅದರಲ್ಲೇ ಇಬ್ಬರೂ ಮಾತಾಡಬೇಕು. ಊಟ ಆಯ್ತಾ, ಲೆಕ್ಕದಲ್ಲಿ ಎಷ್ಟು ಬಂತು, ಅಕ್ಕನ ಹಾಗೆ ಓದು, ಜಗಳ ಮಾಡಬೇಡ, ಫೀಸು ಎಷ್ಟು ಕಟ್ತಿದ್ದೇನೆ ಗೊತ್ತುಂಟಾ, ತಣ್ಣೀರಲ್ಲಿ ಸ್ನಾನ ಮಾಡಬೇಡ: ತಂದೆಯ 23 ಮಾತುಗಳಲ್ಲಿ 21 ಪ್ರಶ್ನೆ ಅಥವಾ ಉಪದೇಶ. ಮನೆಯ ಸುದ್ದಿ ಎರಡೇ: "ಇಲ್ಲಿ ಎಲ್ಲ ಚೆನ್ನಾಗಿದ್ದೇವೆ", "ಇಲ್ಲಿ ಮಳೆ". ಮಗ ಮೂರು ಸಲ ಕೇಳಿದ್ದ, "ಅಜ್ಜಿ ಯಾಕೆ ಬರ್ಲಿಲ್ಲ?" ಮೂರು ಸಲವೂ ಉತ್ತರ, "ಮಳೆಗೆ ಹೇಗೆ ಬರುವುದು ಮಗಾ, ನೀನು ಓದು."

ಅಜ್ಜಿ ಬರದೇ ಇದ್ದುದಕ್ಕೆ ಕಾರಣ ಮಳೆಯಲ್ಲ. ಜುಲೈಯಲ್ಲಿ ಅಂಗಳದ ಪಾಚಿಗೆ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಿ ವಾಕರ್ ಹಿಡಿದು ಹಿತ್ತಲ ಬಾಗಿಲತನಕ ನಡೆಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಸ್ಸು ಹಿಡಿದು ಮೊಮ್ಮಕ್ಕಳನ್ನು ನೋಡಿ ಬರುತ್ತಿದ್ದವರು ಅವರೊಬ್ಬರೇ. "ಮಕ್ಕಳಿಗೆ ಪರೀಕ್ಷೆ, ಹೇಳಿ ಯಾಕೆ ತಲೆ ಕೆಡಿಸುವುದು" ಎಂದು ತಂದೆ ತಾಯಿ ಇಬ್ಬರೂ ನಿರ್ಧರಿಸಿದ್ದರು. ಆದರೆ ಮಗಳ ತರಗತಿಯಲ್ಲಿ ಚಿಕ್ಕಪ್ಪನ ಕಡೆಯ ಹುಡುಗಿಯೊಬ್ಬಳು ದಿನಾ ಮನೆಯಿಂದ ಬಂದುಹೋಗುತ್ತಾಳೆ. ಮಗಳಿಗೆ ಆಗಸ್ಟಿನಲ್ಲೇ ವಿಷಯ ಗೊತ್ತು. ತಮ್ಮನಿಗೆ ಹೇಳಬೇಕೋ ಬೇಡವೋ ತಿಳಿಯದೆ, ಅಪ್ಪನ ಸುಳ್ಳಿಗೆ ತಾನೂ ಸೇರಲಾರದೆ, ಅವಳು ಫೋನಿಗೆ ಬರುವುದನ್ನೇ ಬಿಟ್ಟಿದ್ದಳು. ಮುನಿಸು, ಹಟ, ದೊಡ್ಡವಳಾಗಿದ್ದಾಳೆ ಎಂದು ಮನೆಯವರು ಅರ್ಥ ಮಾಡಿಕೊಂಡಿದ್ದರು.

ಮಗನದು ಬೇರೆ ಲೆಕ್ಕ. ಜೂನಿನಲ್ಲಿ ಅಜ್ಜಿ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಹಲಸಿನ ಹಣ್ಣು ತಂದಾಗ ಹುಡುಗರು ನಕ್ಕಿದ್ದರು. "ಇನ್ನು ಆ ಚೀಲ ಹಿಡ್ಕೊಂಡು ಬರ್ಬೇಡಿ" ಎಂದು ಅಜ್ಜಿಗೆ ಹೇಳಿಬಿಟ್ಟಿದ್ದ. ಅದಾದ ಮೇಲೆ ಅಜ್ಜಿ ಬರಲಿಲ್ಲ. ಹನ್ನೊಂದರ ಹುಡುಗನ ಮನಸ್ಸಿನಲ್ಲಿ ಕಾರಣ ಕಾರ್ಯ ಎರಡೂ ಕೂಡಿಕೊಂಡವು. ಇದು ಹೊರಬಿದ್ದದ್ದು ಅವನು ಒಬ್ಬ ಟೀಚರ ಹತ್ತಿರ ಹೇಳಿಕೊಂಡದ್ದರಿಂದ. ಮಕ್ಕಳಿಗೆ ಸುದ್ದಿ ಮುಚ್ಚಿಟ್ಟರೆ ಅವರ ತಲೆ ಖಾಲಿ ಇರುವುದಿಲ್ಲ; ತಮ್ಮದೇ ತಪ್ಪನ್ನು ಹುಡುಕಿ ಆ ಜಾಗ ತುಂಬಿಸಿಕೊಳ್ಳುತ್ತವೆ. ಈ ವಯಸ್ಸಿನಲ್ಲಿ ಇದನ್ನು ಎದುರು ನೋಡಲೇಬೇಕು.

ಸುದ್ದಿ ಹೇಳುವ ಕ್ರಮವನ್ನು ತಂದೆಯ ಜತೆ ಕೂತು ಗೊತ್ತುಮಾಡಿದೆವು. ಮೊದಲು ವಾರ್ಡನ್‌ಗೆ ತಿಳಿಸಬೇಕು, ಫೋನು ಮುಗಿದ ಮೇಲೆ ಹುಡುಗನ ಜತೆ ಅರ್ಧ ಗಂಟೆ ಯಾರಾದರೂ ಇರಬೇಕು. ಹೊತ್ತು ಸಂಜೆ ನಾಲ್ಕೂವರೆ, ಆಟಕ್ಕೆ ಮೊದಲು. ರಾತ್ರಿ ಊಟದ ನಂತರ ಕೂಡದು, ಹಾಸಿಗೆಗೆ ಹೋಗುವ ಹೊತ್ತೇ ಮನೆಯ ನೆನಪು ಜಾಸ್ತಿ ಕಾಡುವುದು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಹೇಳಬೇಕು. ಮಗಳಿಗೆ ಹೇಳಿ "ತಮ್ಮನಿಗೆ ನೀನೇ ಹೇಳು" ಎನ್ನುವುದು ಅವಳ ಹೆಗಲಿಗೆ ಇನ್ನೊಂದು ಹೊರೆ. ಪರೀಕ್ಷೆ ನಾಳೆ ಬೆಳಿಗ್ಗೆಯೇ ಇದ್ದರೆ ಒಂದು ದಿನ ತಡೆಯಬಹುದು, ಮುಂದಿನ ತಿಂಗಳು ಇದೆ ಎಂದು ತಡೆಯುವಂತಿಲ್ಲ. ಹೇಳಬೇಕಾದ್ದು ಇದೇ ಸಾಲಿನಲ್ಲಿ: ಏನಾಯಿತು, ಈಗ ಹೇಗಿದ್ದಾರೆ, ಮುಂದೇನು, ನಿಮ್ಮ ದಿನಚರಿಯಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. ತಂದೆ ಮೊದಲು ಬರೆದುಕೊಂಡದ್ದು:

"ಜುಲೈಯಲ್ಲಿ ಅಜ್ಜಿ ಅಂಗಳದಲ್ಲಿ ಬಿದ್ರು. ಕಾಲಿನ ಮೂಳೆ ಮುರಿದಿತ್ತು, ಆಪರೇಷನ್ ಆಯ್ತು. ಈಗ ಮನೆಯಲ್ಲಿ ಇದ್ದಾರೆ, ವಾಕರ್ ಹಿಡಿದು ನಡೀತಾರೆ. ಬಸ್ಸು ಹತ್ತಲು ಆಗುವುದಿಲ್ಲ, ಅದಕ್ಕೇ ಬರ್ತಾ ಇಲ್ಲ. ದಸರೆ ರಜೆಯಲ್ಲಿ ನೀವೇ ಹೋಗಿ ನೋಡುವುದು. ಹೇಳದೆ ಇದ್ದದ್ದು ನನ್ನ ತಪ್ಪು. ಮಗಾ, ನೀನು ಚೀಲದ ಮಾತು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅಜ್ಜಿಗೆ ಅದು ನೆನಪೂ ಇಲ್ಲ."

ಕೊನೆಯ ಮಾತಿನ ಬಗ್ಗೆ ತಂದೆಗೆ ಅನುಮಾನವಿತ್ತು, "ನೆನಪಿಲ್ಲ ಅಂದ್ರೆ ಅದೂ ಸುಳ್ಳಲ್ವಾ?" ಅವರು ಹೇಳಿದ್ದು ಸರಿ. ಅಜ್ಜಿಗೇ ಫೋನ್ ಮಾಡಿ ಕೇಳಿಸಿದೆವು. ಅವರಿಗೆ ಚೆನ್ನಾಗಿ ನೆನಪಿತ್ತು, ನಕ್ಕು ಬೇರೆ ಚೀಲ ಹೊಲಿಸಿದ್ದೇನೆಂದರು. ಫೋನಿನಲ್ಲಿ ಓದುವಾಗ ಆ ಸಾಲನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡರು.

ಸಾವಿನ ಸುದ್ದಿಯಾದರೆ ಈ ಕ್ರಮ ಹಿಡಿಯಬಾರದು. ಅದನ್ನು ಫೋನಿನಲ್ಲಿ ಮಗುವಿನ ಕಿವಿಗೆ ಹಾಕದೆ, ಹತ್ತಿರದ ನೆಂಟರೊಬ್ಬರು ಹೋಗಿ ಎದುರು ಕೂತು ಹೇಳಿ ಮನೆಗೆ ಕರೆತರಬೇಕು.

ಹೇಳಿದ ಮೊದಲ ವಾರ ಮಗ ಇನ್ನೂ ಹೆಚ್ಚು ಅತ್ತ. ತಂದೆ ಗಾಬರಿಯಾಗಿ, "ಅಳಬೇಡ, ಇನ್ನೂ ಬೇಜಾರಾದ್ರೆ ಬಂದು ಕರ್ಕೊಂಡು ಬರ್ತೇನೆ" ಎಂದುಬಿಟ್ಟರು. ಮನೆ ಬಿಟ್ಟ ಮಕ್ಕಳಿಗೆ ಕೊಡುವ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಅಲ್ಲಿಂದಾಚೆ ಮಗು ಹೊಂದಿಕೊಳ್ಳಲು ನೋಡುವುದಿಲ್ಲ, ಎಷ್ಟು ಅತ್ತರೆ ಅಪ್ಪ ಬರುತ್ತಾರೆಂದು ಅಳೆಯುತ್ತಿರುತ್ತದೆ. ಅಪ್ಪ ಬರದಿದ್ದರೆ ಮಾತು ತಪ್ಪಿದ ಹಾಗಾಗುತ್ತದೆ. ಮಾತನ್ನು ಹಿಂದಕ್ಕೆ ಪಡೆಯಲೇಬೇಕಿತ್ತು. ಅದರ ಬದಲು ತಾರೀಖು ಕೊಡಿ ಎಂದೆವು. ಅದೂ ಟಿಕೆಟ್ ಖಚಿತವಾದ ಮೇಲೆ. ಮತ್ಸ್ಯಗಂಧಾ ರೈಲಿನಲ್ಲಿ ಕುರ್ಲಾ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಟರೆ ಮರುದಿನ ಬೆಳಗಿನ ಜಾವ ಕುಂದಾಪುರ; ಬುಕಿಂಗ್ ತೆರೆಯುವುದು 60 ದಿನ ಮೊದಲು, ಹಬ್ಬದ ದಿನಗಳಲ್ಲಿ ಬೇಗ ವೇಟಿಂಗಿಗೆ ಹೋಗುತ್ತದೆ. ವೇಟಿಂಗ್ ಇರುವಾಗ "ಬರ್ತೇನೆ" ಎನ್ನದೆ "ಟಿಕೆಟ್ ನೋಡ್ತಾ ಇದ್ದೇನೆ" ಎನ್ನಬೇಕು. ಮಗನಿಗೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಲು ಹೇಳಿದ್ದೂ ನೆರವಾಯಿತು.

ಇಲ್ಲಿ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಿಕ್ಕು. ಕರ್ನಾಟಕದ ಶಾಲೆಗೆ ದೊಡ್ಡ ರಜೆ ದಸರೆಗೆ, ಮಹಾರಾಷ್ಟ್ರದ ಶಾಲೆಗೆ ದೀಪಾವಳಿಗೆ. ಕಾರ್ಖಾನೆಗಳು ಬಾಗಿಲು ಹಾಕುವುದೂ ದೀಪಾವಳಿಗೇ, ಕ್ಯಾಂಟೀನಿನವರಿಗೆ ಆಗಲೇ ಬಿಡುವು. ಹೀಗಾಗಿ ಹಾಸ್ಟೆಲ್ ಮಕ್ಕಳು ಮನೆಗೆ ಬಂದಾಗ ಅಪ್ಪ ಕೆಲಸದಲ್ಲಿ, ತಂಗಿ ಶಾಲೆಯಲ್ಲಿ. ಈ ಮನೆಯಲ್ಲಿ ದಸರೆಗೆ ತಂದೆ ನಾಲ್ಕೇ ದಿನ ಕ್ಯಾಂಟೀನನ್ನು ಭಾವನ ಕೈಗೆ ಬಿಟ್ಟು ತಾವೇ ಊರಿಗೆ ಹೋಗುವುದೆಂದು ತೀರ್ಮಾನವಾಯಿತು.

ನಂತರ ಪತ್ರ. ವಾರದ ಹತ್ತು ನಿಮಿಷದಲ್ಲಿ ಸುದ್ದಿಗೆ ಜಾಗ ಸಾಲದು. ಇನ್‌ಲ್ಯಾಂಡ್ ಲೆಟರ್ 2.50 ರೂಪಾಯಿ, ಒಳಗೆ ಬೇರೇನೂ ಇಡುವಂತಿಲ್ಲ, ಬರೆಯುವ ಜಾಗವೂ ಮಿತ, ಅದೇ ಅನುಕೂಲ, ಉಪದೇಶ ಬೆಳೆಯುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಪತ್ರ, ಒಬ್ಬರ ಅಂಕ ಇನ್ನೊಬ್ಬರ ಪತ್ರದಲ್ಲಿ ಬರಕೂಡದು. ಮೊದಲ ಸಾಲು ಮಗು ಹಿಂದಿನ ಸಲ ಹೇಳಿದ್ದಕ್ಕೆ ಉತ್ತರ. ಆಮೇಲೆ ಮನೆಯ ಮೂರು ಸುದ್ದಿ, ಕಣ್ಣಿಗೆ ಕಾಣುವಂಥವು. "ಎಲ್ಲ ಕ್ಷೇಮ" ಎಂಬುದು ಸುದ್ದಿಯಲ್ಲ. "ತಂಗಿಯ ಮುಂದಿನ ಹಲ್ಲು ಬಿತ್ತು, ಅದನ್ನು ಛಾವಣಿಗೆ ಎಸೆಯಲು ಹೋಗಿ ಪಕ್ಕದವರ ಕುಂಡಕ್ಕೆ ಬಿತ್ತು" ಎಂಬುದು ಸುದ್ದಿ. ಒಂದು ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು. ಉಪದೇಶ ಒಂದೇ, ಕೊನೆಯಲ್ಲಲ್ಲ, ನಡುವೆ, ತಾವು ಮಾಡುವುದರ ರೂಪದಲ್ಲಿ. "ಹಣ ಹಾಳು ಮಾಡಬೇಡ" ಎನ್ನುವ ಜಾಗದಲ್ಲಿ ತಂದೆ ಬರೆದದ್ದು ಇದು: "ನಾಳೆಗೆ ಎಷ್ಟು ಇಡ್ಲಿ ಬೇಕು ಅಂತ ಹಿಂದಿನ ರಾತ್ರಿ ಬರೆದಿಡ್ತೇನೆ. ಬರೆಯದ ದಿನ ಹಿಟ್ಟು ಉಳಿದು ಹುಳಿ ಬರ್ತದೆ." ಪತ್ರವನ್ನು ಹಾಸ್ಟೆಲಿನವರು ಒಡೆದು ಓದಬಹುದೆಂಬ ಎಚ್ಚರವೂ ಇರಬೇಕು; ಗುಟ್ಟಿನ ಮಾತು ಅದರಲ್ಲಿ ಬೇಡ.

ಫೋನಿನಲ್ಲಿ "ಹೇಗಿದ್ದಿ" ಕೇಳಿದರೆ "ಚೆನ್ನಾಗಿದ್ದೇನೆ" ಬರುತ್ತದೆ, ಅಲ್ಲಿಗೆ ಮುಗಿಯಿತು. ಊಟಕ್ಕೆ ಯಾರ ಪಕ್ಕ ಕೂರ್ತಿ, ಪಕ್ಕದ ಮಂಚ ಯಾರದ್ದು, ಈ ವಾರ ಯಾರಿಗೆ ಬೈಗಳು ಬಿತ್ತು ಎಂದು ಕೇಳಬೇಕು. ಗೆಳೆಯರ ಹೆಸರೇ ಬರದಿದ್ದರೆ, ಅಥವಾ ಒಬ್ಬನೇ ದೊಡ್ಡ ಹುಡುಗನ, ಒಬ್ಬರೇ ಸಿಬ್ಬಂದಿಯ ಹೆಸರು ಬಂದಾಗ ಮಗು ಸುಮ್ಮನಾದರೆ, ನೇರ ಹೋಗಿ ನೋಡಬೇಕು. ಹೊಸದಾಗಿ ಹಾಸಿಗೆ ಒದ್ದೆಯಾಗುವುದು, ಎರಡು ವಾರ ದಾಟಿದ ನಿದ್ದೆಗೇಡು, ತೂಕ ಇಳಿಯುವುದು, ಬದುಕಿ ಏನು ಪ್ರಯೋಜನ ಎಂಬಂಥ ಮಾತು, ಮೈ ಮುಟ್ಟುವ ದೂರು, ಇವು ಮನೆಯ ನೆನಪಿನ ಲೆಕ್ಕಕ್ಕೆ ಬರುವುದಿಲ್ಲ. ರಜೆಯತನಕ ಕಾಯದೆ ಅಂದೇ ಹೊರಡಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ನಂಬರನ್ನು ಇಬ್ಬರು ಮಕ್ಕಳ ನೋಟುಬುಕ್ಕಿನ ಹಿಂದೆ ಬರೆಸಿದೆವು. ಈ ಮಕ್ಕಳಲ್ಲಿ ಅಂಥ ಲಕ್ಷಣ ಕಾಣಲಿಲ್ಲ, ಆದ್ದರಿಂದಲೇ ಶಾಲೆ ಬಿಡಿಸಬೇಡಿ ಎಂದೆವು.

ನಡುವೆ ಇನ್ನೊಂದು ಎಡವಟ್ಟಾಯಿತು. ಮುಚ್ಚಿಡಬಾರದು ಎಂದದ್ದನ್ನು ತಂದೆ ಪೂರ್ತಿ ಬಿಚ್ಚಿಡಬೇಕೆಂದು ತಿಳಿದು, ಅಜ್ಜಿಯ ಆಸ್ಪತ್ರೆ ಬಿಲ್ಲು, ಸೊಸೈಟಿಯಿಂದ ತೆಗೆದ ಸಾಲ, ಬಡ್ಡಿ ಎಲ್ಲವನ್ನೂ ಮಗಳ ಪತ್ರದಲ್ಲಿ ಬರೆದರು. ಅವಳು ಹೊಸ ಶೂ ಬೇಡವೆಂದು, ಪ್ರವಾಸಕ್ಕೆ ಹೆಸರು ಕೊಡದೆ ಕೂತಳು. ಹದಿನಾಲ್ಕರ ಹುಡುಗಿಗೆ ಮನೆಯಲ್ಲಿ ಹಣ ಬಿಗಿಯಿದೆ ಎಂದು ತಿಳಿಯಬಹುದು, ತಿಳಿಯಬೇಕು ಕೂಡ. ಅದರ ಜತೆಗೇ ದೊಡ್ಡವರು ಏನು ಏರ್ಪಾಡು ಮಾಡಿದ್ದಾರೆ ಎಂಬುದೂ ಹೋಗಬೇಕು. ಮುಂದಿನ ಪತ್ರದಲ್ಲಿ ಮೂರೇ ಸಾಲು ಬರೆಸಿದೆವು: ಸಾಲ ತೀರಿಸುವ ಕಂತು ಕ್ಯಾಂಟೀನಿನ ಆದಾಯದಲ್ಲಿ ಹೋಗುತ್ತಿದೆ, ನಿಮ್ಮ ಫೀಸು ಬೇರೆ ಇಟ್ಟಾಗಿದೆ, ಶೂ ಈ ತಿಂಗಳು, ಪ್ರವಾಸಕ್ಕೆ ಹೆಸರು ಕೊಡು.

ನಾಲ್ಕನೆಯ ಭೇಟಿಯ ಹೊತ್ತಿಗೆ ಮಗನ ಹೊಟ್ಟೆನೋವಿನ ಫೋನು ನಿಂತು ಐದು ವಾರ. ಮಗಳು ಫೋನಿಗೆ ಬರುತ್ತಾಳೆ, ಚುಟುಕಾಗಿ ಮಾತಾಡುತ್ತಾಳೆ, ಅಪ್ಪನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಅದಕ್ಕೆ ಹೊತ್ತು ಬೇಕು, ಕೆದಕಬೇಡಿ ಎಂದಿದ್ದೇವೆ. ತಂದೆ ಅಂಕ ಕೇಳುವುದನ್ನು ಬಿಡಲು ಒಪ್ಪಲಿಲ್ಲ. ಪ್ರಗತಿಪತ್ರ ಬಂದ ಭಾನುವಾರ ಮಾತ್ರ, ಒಬ್ಬೊಬ್ಬರಿಗೆ ಒಂದೇ ಸಲ ಕೇಳುವುದೆಂದು ರಾಜಿಯಾಯಿತು. ಚೀಟಿ ಬರೆಯುವ ಕೆಲಸ ಹೆಂಡತಿಯ ಕೈಯಲ್ಲೇ ಇದೆ. ಕಳೆದ ವಾರದ ಲೆಕ್ಕ: 19 ಮಾತು, ಒಂಬತ್ತು ಸುದ್ದಿ, ಉಪದೇಶ ನಾಲ್ಕು.