ಜನಸಂಖ್ಯೆ, ಕೈಗಾರಿಕೆ, ಪರಿಸರ: ಈ ಮೂರರಲ್ಲಿ ಯುರೋಪಿನ ಸಮಾಜವನ್ನು ರೂಪಿಸಿದ್ದು ಯಾವುದು?

ಮೂರನ್ನೂ ಬೇರೆ ಬೇರೆ ಇಟ್ಟು, ಯಾವುದರ ಪಾಲು ಜಾಸ್ತಿ ಎಂದು ಕೇಳಿದ್ದೀರಿ. ಇಡೀ ಯುರೋಪಿಗೆ ಒಂದೇ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ನಾನು ಒಂಬತ್ತು ವರ್ಷದಿಂದ ಬದುಕುತ್ತಿರುವ ಸೀಮೆಯ ಕಥೆ ಹೇಳಬಲ್ಲೆ. ಜರ್ಮನಿಯ ಪಶ್ಚಿಮದಲ್ಲಿರುವ ರೂರ್ ಪ್ರದೇಶ ಇದು. ಡಾರ್ಟ್‌ಮುಂಡ್, ಬೋಖುಂ, ಎಸ್ಸೆನ್, ಗೆಲ್ಸೆನ್‌ಕಿರ್ಷೆನ್, ಡೂಯಿಸ್‌ಬುರ್ಗ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಒಟ್ಟು ಸುಮಾರು 50 ಲಕ್ಷ ಜನ. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಟ್ರಾಮಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಒಂದು ನದಿಯ ಬಗ್ಗೆ ನೂರಿಪ್ಪತ್ತು ವರ್ಷದ ಹಿಂದೆ ಮಾಡಿದ ತೀರ್ಮಾನ, ಯಾವ ಬೀದಿಯಲ್ಲಿ ಯಾರು ಮನೆ ಮಾಡುತ್ತಾರೆ ಎಂಬುದರಲ್ಲಿ ಇವತ್ತಿಗೂ ಕಾಣುತ್ತದೆ.

ಮೊದಲು ನೆಲದ ವಿಷಯ. ಇಲ್ಲಿನ ಕಲ್ಲಿದ್ದಲಿನ ಪದರ ಓರೆಯಾಗಿ ಮಲಗಿದೆ. ದಕ್ಷಿಣದಲ್ಲಿ, ರೂರ್ ನದಿಯ ಕಣಿವೆಯಲ್ಲಿ, ಅದು ನೆಲದ ಮೇಲಕ್ಕೇ ಬಂದಿದೆ. ಹಿಂದೆ ರೈತರು ಗುಡ್ಡದ ಬದಿ ಅಗೆದು ಕಲ್ಲಿದ್ದಲು ತೆಗೆಯುತ್ತಿದ್ದರು. ಉತ್ತರಕ್ಕೆ ಹೋದಂತೆ ಅದು ಆಳಕ್ಕೆ ಇಳಿಯುತ್ತದೆ, ಮೇಲೆ ಸುಣ್ಣಮಣ್ಣಿನ ದಪ್ಪ ಪದರ ಕೂತಿದೆ. ಅದನ್ನು ತೂತು ಮಾಡಿ ಇಳಿಯಬೇಕು ಅಂದರೆ ನೀರು ಎತ್ತುವ ಉಗಿಯಂತ್ರ ಬೇಕು, ದೊಡ್ಡ ಬಂಡವಾಳ ಬೇಕು. 1830ರ ದಶಕದಲ್ಲಿ ಆ ಪದರ ದಾಟಿದರು. 1847ರಲ್ಲಿ ಕೊಲೋನ್‌ನಿಂದ ಮಿಂಡೆನ್‌ಗೆ ರೈಲು ಬಂತು. ಆಮೇಲೆ ತಡೆಯೇ ಇರಲಿಲ್ಲ. ದಕ್ಷಿಣದ ಗಣಿಗಳು ಸಣ್ಣವು, ಹಳೆಯವು. ಉತ್ತರದವು ಭಾರಿ, ಹೊಸವು. ಈ ದಕ್ಷಿಣ, ಉತ್ತರದ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟು ಗಣಿಗೆ ಆಳುಗಳು ಎಲ್ಲಿಂದ ಬರಬೇಕು? 1850ರಲ್ಲಿ ಎಸ್ಸೆನ್ ಹತ್ತು ಸಾವಿರದ ಆಸುಪಾಸಿನ ಜನ ಇದ್ದ ಊರು. 1910ಕ್ಕೆ ಅದು ಮೂರು ಲಕ್ಷದ ಹತ್ತಿರ ಬಂತು. ಗೆಲ್ಸೆನ್‌ಕಿರ್ಷೆನ್ ಅಂತೂ ಬರೀ ಹಳ್ಳಿ. ಹೆತ್ತು ಬೆಳೆಸಿ ಇಷ್ಟು ಜನ ಆಗುವುದಿಲ್ಲ, ಅಲ್ವಾ? ಗಣಿಗಳ ಏಜೆಂಟರು ಆಗಿನ ಜರ್ಮನ್ ರಾಜ್ಯ ಪ್ರಶ್ಯದ ಪೂರ್ವದ ತುದಿಗೆ ಹೋದರು. ಈಗ ಹೆಚ್ಚಾಗಿ ಪೋಲೆಂಡಿನಲ್ಲಿರುವ ಮಸೂರಿಯಾ, ಪೋಜೆನ್, ಸೈಲೀಸಿಯಾ ಕಡೆಯ ಬಡ ರೈತರಿಗೆ ಆಸೆ ತೋರಿಸಿದರು: ಮನೆ ಕೊಡುತ್ತೇವೆ, ಹಿತ್ತಲು ಇದೆ, ಆಡು ಕಟ್ಟಲು ಕೊಟ್ಟಿಗೆ ಇದೆ ಅಂತ. ಆಡನ್ನು ಇಲ್ಲಿ 'ಗಣಿಯವರ ಹಸು' ಎಂದೇ ಕರೆಯುತ್ತಿದ್ದರು. ಲಕ್ಷಗಟ್ಟಲೆ ಪೋಲಿಷ್ ಮಾತಾಡುವ ಜನ ಬಂದರು. ಬೋಖುಂನಲ್ಲಿ ಪೋಲಿಷ್ ಪತ್ರಿಕೆಯೇ ನಡೆಯುತ್ತಿತ್ತು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. 1908ರ ಕಾನೂನು ಸಾರ್ವಜನಿಕ ಸಭೆಗಳಲ್ಲಿ ಜರ್ಮನ್ ಬಿಟ್ಟು ಬೇರೆ ಭಾಷೆ ಆಡುವುದಕ್ಕೆ ಅಡ್ಡಿ ಹಾಕಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಬಹಳ ಜನ ಪೋಲೆಂಡಿಗೆ ಮರಳಿದರು, ಇನ್ನು ಕೆಲವರು ಉತ್ತರ ಫ್ರಾನ್ಸಿನ ಗಣಿಗಳಿಗೆ ಹೋದರು. ಉಳಿದವರು ಇಲ್ಲಿಯವರೇ ಆದರು. ಶಾಲ್ಕೆ ಫುಟ್‌ಬಾಲ್ ತಂಡದ ಹಳೆಯ ವೀರರಾದ ಶೆಪಾನ್, ಕುಟ್ಸೋರಾ ಇಬ್ಬರೂ ಮಸೂರಿಯಾ ಮೂಲದ ಮನೆಯವರು. ನನ್ನ ಮೆಟ್ಟಿಲಿನ ಅಂಚೆ ಪೆಟ್ಟಿಗೆಗಳ ಮೇಲೆ ಇವತ್ತಿಗೂ 'ಸ್ಕಿ'ಯಲ್ಲಿ ಮುಗಿಯುವ ಹೆಸರು ಮೂರು ಇವೆ.

ಈಗ ನದಿಗೆ ಬರೋಣ. ನನಗೆ ಇಡೀ ಕಥೆಯ ಗಂಟು ಇಲ್ಲೇ ಇದೆ ಅನಿಸುತ್ತದೆ.

ಇಲ್ಲಿ ಎರಡು ಮುಖ್ಯ ನದಿಗಳು ಪೂರ್ವದಿಂದ ಪಶ್ಚಿಮಕ್ಕೆ ಹರಿದು ರೈನ್ ಸೇರುತ್ತವೆ. ದಕ್ಷಿಣದ್ದು ರೂರ್, ಉತ್ತರದ್ದು ಎಂಷರ್. ಎಂಷರ್ ಚಿಕ್ಕ ನದಿ, ಇಳಿಜಾರು ಬಹಳ ಕಡಿಮೆ, ಬಯಲಲ್ಲಿ ಬಳುಕುತ್ತಾ ಹೋಗುತ್ತಿತ್ತು. ಗಣಿ ಅಗೆದಂತೆ ಮೇಲಿನ ನೆಲ ಕುಸಿಯಿತು. ನೀರು ಮುಂದಕ್ಕೆ ಹೋಗದೆ ನಿಂತಲ್ಲೇ ನಿಂತಿತು. ಲಕ್ಷಾಂತರ ಜನರ ಮಲಮೂತ್ರ, ಗಣಿಯ ನೀರು, ಕಾರ್ಖಾನೆಯ ನೀರು ಎಲ್ಲ ಅದರಲ್ಲೇ. ಮಳೆ ಬಂದರೆ ಅದು ಮನೆಗಳಿಗೆ ನುಗ್ಗುತ್ತಿತ್ತು. 1901ರಲ್ಲಿ ಗೆಲ್ಸೆನ್‌ಕಿರ್ಷೆನ್ ಸುತ್ತಮುತ್ತ ಟೈಫಾಯ್ಡ್ ಹಬ್ಬಿತು. ಶುದ್ಧ ಮಾಡದ ರೂರ್ ನದಿಯ ನೀರು ಕುಡಿಯುವ ನೀರಿನ ಕೊಳವೆಗೆ ಸೇರಿತ್ತು. ಮೂರು ಸಾವಿರಕ್ಕೂ ಜಾಸ್ತಿ ಜನ ಹಾಸಿಗೆ ಹಿಡಿದರು, ನೂರಾರು ಜನ ಸತ್ತರು. ತನಿಖೆಗೆ ಹೆಸರಾಂತ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಅವರೇ ಬಂದರು.

ಭೂಮಿಯೊಳಗೆ ಒಳಚರಂಡಿ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗುತ್ತಿರಲಿಲ್ಲ. ಕೆಳಗೆ ಗಣಿ ನಡೆಯುತ್ತಿರುವವರೆಗೂ ನೆಲ ಕುಸಿಯುತ್ತಲೇ ಇರುತ್ತದೆ, ಹೂತ ಕೊಳವೆ ಒಡೆದು ಹೋಗುತ್ತದೆ. ಹಾಗಾಗಿ 1899ರಲ್ಲಿ ಊರುಗಳೂ ಗಣಿಗಳೂ ಕಾರ್ಖಾನೆಗಳೂ ಸೇರಿ ಒಂದು ಸಹಕಾರ ಸಂಘ ಕಟ್ಟಿದವು. ಯಾರು ಎಷ್ಟು ಕೊಳಕು ಬಿಡುತ್ತಾರೋ ಅದಕ್ಕೆ ತಕ್ಕಂತೆ ಹಣ ಕೊಡಬೇಕು. ಆ ಸಂಘ ಎಂಷರ್ ನದಿಯನ್ನು ನೆಟ್ಟಗೆ ಮಾಡಿ, ತಳಕ್ಕೆ ಕಾಂಕ್ರೀಟು ಚಪ್ಪಡಿ ಹಾಸಿ, ಎರಡೂ ಕಡೆ ಏರಿ ಕಟ್ಟಿ, ತೆರೆದ ಚರಂಡಿಯಾಗಿ ಹರಿಯಬಿಟ್ಟಿತು. ರೂರ್ ಕುಡಿಯುವ ನೀರಿಗೆ, ಎಂಷರ್ ಕೊಳಚೆಗೆ. ಒಂದು ನದಿಯನ್ನು ಉಳಿಸಲು ಇನ್ನೊಂದನ್ನು ಬಲಿ ಕೊಟ್ಟರು.

ಆ ಕಾಲಕ್ಕೆ ಅದು ಜೀವ ಉಳಿಸಿದ ಕೆಲಸವೇ. ನಾನು ಅದನ್ನು ತಪ್ಪು ಅಂತ ಹೇಳಲಾರೆ. ಆದರೆ ಅದರ ಬೆಲೆ ಎಲ್ಲರಿಗೂ ಒಂದೇ ಇರಲಿಲ್ಲ. ರೂರ್ ಕಡೆ ಕಾಡು, ಗುಡ್ಡ ಉಳಿದವು. ಉಕ್ಕಿನ ದೊಡ್ಡ ಉದ್ಯಮಿಗಳಾದ ಕ್ರುಪ್ ಕುಟುಂಬದ ಬಂಗಲೆ ಎಸ್ಸೆನ್ ದಕ್ಷಿಣದ ಗುಡ್ಡದ ಮೇಲೆ, ಆ ನದಿಯ ಕಡೆಗೇ ಇದೆ. ಎಂಷರ್ ಕಡೆ ಗಣಿ, ಕಲ್ಲಿದ್ದಲಿನಿಂದ ಕೋಕ್ ಎಂಬ ಇಂಧನ ಮಾಡುವ ಒಲೆ, ಕಲ್ಲುಮಣ್ಣಿನ ಗುಡ್ಡೆ, ಕೂಲಿಯವರ ಸಾಲುಮನೆ. ಚರಂಡಿಗೆ ಬೇಲಿ, ಬೇಲಿಯ ಮೇಲೆ 'ಜೀವಕ್ಕೆ ಅಪಾಯ' ಎಂಬ ಫಲಕ. ಎದುರು ಮನೆಯ ನಿವೃತ್ತ ಗಣಿ ಕೆಲಸಗಾರರು ಹೇಳುತ್ತಿದ್ದರು, ಬೇಸಿಗೆಯಲ್ಲಿ ಕಿಟಕಿ ತೆಗೆಯುವ ಹಾಗೇ ಇರಲಿಲ್ಲವಂತೆ. ಹೊರಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತಂತೆ.

ಇವತ್ತು ಈ ಎರಡು ನದಿಗಳ ನಡುವೆ ಎ-40 ಹೆದ್ದಾರಿ ಹೋಗುತ್ತದೆ. ಇಲ್ಲಿನವರು ಅದನ್ನು 'ಸಾಮಾಜಿಕ ಭೂಮಧ್ಯರೇಖೆ' ಎನ್ನುತ್ತಾರೆ. ಅದರ ದಕ್ಷಿಣಕ್ಕೆ ಬಾಡಿಗೆ ಜಾಸ್ತಿ, ಓದಿದವರು ಜಾಸ್ತಿ. ಉತ್ತರಕ್ಕೆ ನಿರುದ್ಯೋಗ ಜಾಸ್ತಿ. ನಾನು ಬಂದ ಹೊಸತರಲ್ಲಿ ಇದನ್ನು ಸುಮ್ನೆ ಆಡುವ ಮಾತು ಅಂದುಕೊಂಡಿದ್ದೆ. ಮನೆ ಹುಡುಕಲು ಹೊರಟಾಗ ಗೊತ್ತಾಯಿತು. ಒಂದೇ ಊರು, ಒಂದೇ ಟ್ರಾಮು, ಆರು ನಿಲ್ದಾಣದ ಅಂತರ. ಬಾಡಿಗೆ ಮಾತ್ರ ಬೇರೆ ಊರಿನದು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1955ರಲ್ಲಿ ಇಟಲಿ, 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಪಶ್ಚಿಮ ಜರ್ಮನಿ ಮತ್ತೆ ಹೊರಗಿನ ಆಳುಗಳನ್ನು ಕರೆಸಿತು. ಅವರ ಮನೆಗಳೂ ಉತ್ತರದಲ್ಲೇ ಆದವು, ಯಾಕೆಂದರೆ ಗಣಿ ಇದ್ದದ್ದು ಅಲ್ಲಿ, ಅಗ್ಗದ ಮನೆ ಇದ್ದದ್ದೂ ಅಲ್ಲಿ. ಟರ್ಕಿ ಮೂಲದ ಫುಟ್‌ಬಾಲ್ ಆಟಗಾರರಾದ ಮೆಸುತ್ ಓಜಿಲ್, ಇಲ್ಕಾಯ್ ಗುಂಡೋವಾನ್ ಇಬ್ಬರೂ ಗೆಲ್ಸೆನ್‌ಕಿರ್ಷೆನ್‌ನಲ್ಲೇ ಹುಟ್ಟಿದವರು. ಬೇಸರದ ವಿಷಯ ಏನೆಂದರೆ, ಅಷ್ಟು ಹೊತ್ತಿಗೆ ಕಲ್ಲಿದ್ದಲಿನ ಕಾಲ ಮುಗಿಯುತ್ತಾ ಬಂದಿತ್ತು. 1958ರಿಂದಲೇ ಅಗ್ಗದ ಎಣ್ಣೆ, ಹೊರದೇಶದ ಕಲ್ಲಿದ್ದಲು ಬರುತ್ತಿತ್ತು, ಗಣಿಗಳು ಮುಚ್ಚುತ್ತಿದ್ದವು.

ಗಾಳಿಯ ವಿಷಯಕ್ಕೆ ಬಂದರೆ, 1961ರಲ್ಲಿ, ಮುಂದೆ ಜರ್ಮನಿಯ ಚಾನ್ಸಲರ್ ಆದ ವಿಲ್ಲಿ ಬ್ರಾಂಟ್ ಚುನಾವಣೆಯ ಮಾತಿನಲ್ಲಿ ರೂರ್ ಮೇಲಿನ ಆಕಾಶ ಮತ್ತೆ ನೀಲಿಯಾಗಬೇಕು ಎಂದರು. ಆಗ ಅದು ದೊಡ್ಡ ಮಾತು, ಹೊಗೆ ಅಂದರೆ ಕೆಲಸ, ಕೆಲಸ ಅಂದರೆ ಊಟ ಎಂದು ನಂಬಿದ್ದ ಜನ ಇವರು. ಆಮೇಲೆ ಚಿಮಣಿಗಳನ್ನು ಎತ್ತರ ಮಾಡಿದರು. ಇಲ್ಲಿನ ಗಾಳಿ ಸ್ವಲ್ಪ ಸುಧಾರಿಸಿತು, ಗಂಧಕದ ಹೊಗೆ ದೂರ ಹೋಗಿ ಆಮ್ಲಮಳೆಯಾಗಿ ಬೇರೆಯವರ ಕಾಡು, ಕೆರೆಗಳ ಮೇಲೆ ಬಿತ್ತು. ಹೊಗೆಯನ್ನೇ ಶುದ್ಧ ಮಾಡಬೇಕೆಂಬ ಕಟ್ಟುನಿಟ್ಟು ಬಂದದ್ದು 1980ರ ದಶಕದಲ್ಲಿ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ನಾನು ಬಂಗಾರಪೇಟೆ ಕಡೆಯವನು. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ ಕೊನೆಗೆ ನಿಂತಾಗ ಊರಿಗೆ ಊರೇ ಕಂಗಾಲಾಯಿತು. ಅಲ್ಲಿಂದೀಚೆಗೆ ಸಾವಿರಾರು ಜನ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಸಯನೈಡ್ ಮಣ್ಣಿನ ಗುಡ್ಡಗಳು ಅಲ್ಲೇ ಕೂತಿವೆ. ಇಲ್ಲಿ ಗಣಿ ಮುಚ್ಚಲು ಅರವತ್ತು ವರ್ಷ ತೆಗೆದುಕೊಂಡರು. 1957ರಲ್ಲಿ ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಲ್ಲಿ ಸುಮಾರು ಆರು ಲಕ್ಷ ಜನ ಇದ್ದರು. ವಯಸ್ಸಾದವರಿಗೆ ಬೇಗ ಪಿಂಚಣಿ, ಚಿಕ್ಕವರಿಗೆ ಬೇರೆ ಕೆಲಸದ ತರಬೇತಿ ಕೊಟ್ಟು ನಿಧಾನವಾಗಿ ಇಳಿಸಿದರು. ಒಂದೂ ವಿಶ್ವವಿದ್ಯಾಲಯ ಇಲ್ಲದ ಸೀಮೆಗೆ 1965ರಲ್ಲಿ ಬೋಖುಂ ವಿಶ್ವವಿದ್ಯಾಲಯ ತೆರೆಯಿತು, ಆಮೇಲೆ ಡಾರ್ಟ್‌ಮುಂಡ್, ಎಸ್ಸೆನ್, ಡೂಯಿಸ್‌ಬುರ್ಗ್. ಕೊನೆಯ ಗಣಿ ಬೊಟ್ರೊಪ್‌ನಲ್ಲಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ಕೊನೆಯ ಕಲ್ಲಿದ್ದಲಿನ ತುಂಡನ್ನು ರಾಷ್ಟ್ರಾಧ್ಯಕ್ಷರ ಕೈಗೆ ಕೊಟ್ಟರು. ಎದುರು ಮನೆಯವರು ಟಿ.ವಿ. ಮುಂದೆ ಅತ್ತರು, ನಾನು ಪಕ್ಕದಲ್ಲಿ ಕೂತಿದ್ದೆ. ಇಷ್ಟೆಲ್ಲ ಮಾಡಿದರೂ ಉತ್ತರದ ಊರುಗಳು ಚೇತರಿಸಿಕೊಂಡಿಲ್ಲ. ಗೆಲ್ಸೆನ್‌ಕಿರ್ಷೆನ್‌ನಲ್ಲಿ 1959ರ ಸುಮಾರಿಗೆ ನಾಲ್ಕು ಲಕ್ಷದ ಹತ್ತಿರ ಇದ್ದ ಜನ ಈಗ ಎರಡೂವರೆ ಲಕ್ಷ ಚಿಲ್ಲರೆ.

ಕೊನೆಯ ಗಣಿ ಮುಚ್ಚುವ ಎಷ್ಟೋ ಮೊದಲೇ ಎಂಷರ್ ಸುತ್ತಲಿನ ಗಣಿಗಳು ಒಂದೊಂದಾಗಿ ನಿಂತಿದ್ದರಿಂದ ಇನ್ನೊಂದು ಕೆಲಸ ಸಾಧ್ಯವಾಯಿತು. ನೆಲದ ಕುಸಿತ ನಿಂತಿತು, ಅಂದರೆ ಕೊಳವೆ ಹೂಳಬಹುದು! 1992ರಲ್ಲಿ ಅದೇ ಹಳೆಯ ಸಂಘ ಎಂಷರ್ ನದಿಯನ್ನು ಮರಳಿ ನದಿ ಮಾಡಲು ಹೊರಟಿತು. ಸುಮಾರು 50 ಕಿ.ಮೀ. ಉದ್ದದ ದೊಡ್ಡ ಒಳಚರಂಡಿ ಹಾಕಿದರು, ಕೆಲವು ಕಡೆ 40 ಮೀಟರ್ ಆಳದಲ್ಲಿ. 30 ವರ್ಷ, ಸುಮಾರು 550 ಕೋಟಿ ಯೂರೋ. 2021ರ ಕೊನೆಯಿಂದ ಎಂಷರ್‌ನಲ್ಲಿ ಕೊಳಚೆ ಹರಿಯುತ್ತಿಲ್ಲ. ಬೊಟ್ರೊಪ್ ಹತ್ತಿರದ ಒಂದು ತೊರೆಯ ತಲೆಯಲ್ಲಿ ಇಲ್ಲಿನದೇ ಒಂದು ಸಣ್ಣ ಮೀನಿನ ಜಾತಿ ಹೇಗೋ ಬದುಕುಳಿದಿತ್ತು. ಅದನ್ನು ತಂದು ಬೇರೆ ತೊರೆಗಳಲ್ಲಿ ಬಿಟ್ಟಿದ್ದಾರೆ. ಕುಸಿದ ನೆಲ ಮಾತ್ರ ಮೇಲೇಳುವುದಿಲ್ಲ. ಕೆಲವು ಕಡೆ 20 ಮೀಟರ್‌ಗೂ ಜಾಸ್ತಿ ಕೆಳಗೆ ಹೋಗಿದೆ. ಪಂಪು ನಿಲ್ಲಿಸಿದರೆ ಎಷ್ಟೋ ಬಡಾವಣೆ ಕೆರೆಯಾಗುತ್ತದೆ. ಹೀಗೆ ಪಂಪು ನಡೆಸುವುದಕ್ಕೆ ಇಲ್ಲಿ ಇಟ್ಟಿರುವ ಹೆಸರೇ 'ಎಂದೆಂದಿಗೂ ಇರುವ ಕೆಲಸ'.

ಹಾಗಾದರೆ ಯಾವುದರ ಪಾಲು ಜಾಸ್ತಿ? ಕಾಲಕ್ಕೆ ತಕ್ಕಂತೆ ಬದಲಾಯಿತು ಎಂಬುದೇ ನನ್ನ ಉತ್ತರ. ಮೊದಲು ನೆಲ ಕೈಗಾರಿಕೆಯನ್ನು ಕರೆಯಿತು, ಕೈಗಾರಿಕೆ ಜನರನ್ನು ಕರೆಯಿತು, ಜನ ಮತ್ತು ಕೈಗಾರಿಕೆ ಸೇರಿ ನದಿಯನ್ನು ಕೆಡಿಸಿದರು. ಈಗ ಚೊಕ್ಕವಾದ ನದಿಯೇ ಜನರನ್ನು ಆರಿಸುತ್ತಿದೆ. ಡಾರ್ಟ್‌ಮುಂಡ್‌ನ ಹ್ಯೋರ್ಡೆ ಬಡಾವಣೆಗೆ ಬಂದರೆ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು, ಎಂಷರ್ ಅದರ ಕೆಳಗೆ ಕೊಳವೆಯಲ್ಲಿ ಹರಿಯುತ್ತಿತ್ತು. ಕಾರ್ಖಾನೆಯನ್ನು ಬಿಚ್ಚಿ ಚೀನಾಕ್ಕೆ ಸಾಗಿಸಿದರು. ಆ ಜಾಗದಲ್ಲಿ ಈಗ 24 ಹೆಕ್ಟೇರಿನ ಕೆರೆ ಇದೆ, ಪಕ್ಕದಲ್ಲೇ ನದಿ ತೆರೆದು ಹರಿಯುತ್ತದೆ. ದಡದಲ್ಲಿ ಬಿಳಿ ಬಿಳಿ ದುಬಾರಿ ಮನೆಗಳು. ಎರಡು ಬೀದಿ ಹಿಂದಕ್ಕೆ ಹೋದರೆ ಉಕ್ಕಿನ ಕೆಲಸಗಾರರ ಹಳೆಯ ಮನೆಗಳು, ಬಾಡಿಗೆ ಏರುತ್ತಿದೆ ಎಂದು ಚಿಂತೆ ಮಾಡುವ ಜನ. ಭಾನುವಾರ ಕೆರೆಯ ಸುತ್ತ ನಡೆಯಲು ಇಬ್ಬರೂ ಬರುತ್ತಾರೆ.