ಮಲೇರಿಯಾ ಲಸಿಕೆ: ನಾಲ್ಕು ಡೋಸ್ ಕೊಟ್ಟರೂ ರಕ್ಷಣೆ ಪೂರ್ಣವಾಗುವುದಿಲ್ಲ ಏಕೆ?

ಪ್ರಶ್ನೆ: ದಡಾರದ ಲಸಿಕೆಯನ್ನು ಎರಡು ಬಾರಿ ಹಾಕಿಸಿದರೆ ಬಹುತೇಕ ಜೀವನಪೂರ್ತಿ ರಕ್ಷಣೆ ಸಿಗುತ್ತದೆ. ಮಲೇರಿಯಾ ಲಸಿಕೆಯನ್ನು ನಾಲ್ಕು ಬಾರಿ ಕೊಟ್ಟ ಮೇಲೂ ಕೆಲವು ಮಕ್ಕಳಿಗೆ ಮಲೇರಿಯಾ ಬರುತ್ತದೆಂದು ಓದಿದೆ. ನಮ್ಮ ದೇಹ ಈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲವೇ?

ಉತ್ತರ: ದೇಹ ಚೆನ್ನಾಗಿಯೇ ಸ್ಪಂದಿಸುತ್ತದೆ, ತೊಡಕಿರುವುದು ಕಾಲಾವಕಾಶದಲ್ಲಿ. ದಡಾರದ ವೈರಾಣು ದೇಹವನ್ನು ಹೊಕ್ಕ ಮೇಲೆ ರೋಗಲಕ್ಷಣ ಕಾಣಿಸಲು ಹತ್ತು ದಿನಗಳಾದರೂ ಬೇಕಾಗುವುದರಿಂದ, ಲಸಿಕೆಯಿಂದ ಮೂಡಿದ, ರೋಗಾಣುವನ್ನು ನೆನಪಿಟ್ಟುಕೊಳ್ಳುವ ಸ್ಮೃತಿಕೋಶಗಳು ಎಚ್ಚೆತ್ತು, ಸಂಖ್ಯೆಯಲ್ಲಿ ಹೆಚ್ಚಿ, ಹೊಸದಾಗಿ ಪ್ರತಿಕಾಯಗಳನ್ನು (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳನ್ನು) ತಯಾರಿಸಲು ಸಾಕಷ್ಟು ಸಮಯ ಸಿಗುತ್ತದೆ. ಮಲೇರಿಯಾದಲ್ಲಿ ಹಾಗಲ್ಲ. ಸೊಳ್ಳೆಯ ಜೊಲ್ಲಿನೊಡನೆ ಚರ್ಮವನ್ನು ಸೇರುವ, ಮಲೇರಿಯಾ ಪರಾವಲಂಬಿಯ ಮೊದಲ ರೂಪವಾದ ಸ್ಪೋರೋಜಾಯಿಟ್‌ಗಳು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ರಕ್ತದ ಮೂಲಕ ಯಕೃತ್ತನ್ನು ತಲುಪಿ ಅಲ್ಲಿನ ಜೀವಕೋಶಗಳಲ್ಲಿ ಅಡಗಿಬಿಡುತ್ತವೆ. ಸ್ಮೃತಿಕೋಶಗಳು ಸಜ್ಜಾಗುವ ಹೊತ್ತಿಗೆ ಅವು ಪ್ರತಿಕಾಯಗಳ ಕೈಗೆ ಸಿಗುವುದಿಲ್ಲ. ಆದ್ದರಿಂದ ಸೊಳ್ಳೆ ಕಚ್ಚುವ ಕ್ಷಣದಲ್ಲಿಯೇ ರಕ್ತದಲ್ಲಿ ಪ್ರತಿಕಾಯಗಳು ಹೇರಳವಾಗಿ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಮತ್ತು 2023ರಲ್ಲಿ ಶಿಫಾರಸು ಮಾಡಿದ ಆರ್21 ಲಸಿಕೆಗಳೆರಡೂ ಈ ಅಗತ್ಯವನ್ನೇ ಪೂರೈಸಲು ಯತ್ನಿಸುತ್ತವೆ. ಪ್ಲಾಸ್ಮೋಡಿಯಂ ಫ್ಯಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿಯ ಸ್ಪೋರೋಜಾಯಿಟ್‌ನ ಮೈಯನ್ನು ಹೊದ್ದುಕೊಂಡಿರುವ ಸಿಎಸ್‌ಪಿ ಎಂಬ ಪ್ರೋಟೀನಿನ ಒಂದು ಭಾಗವನ್ನು ಹೆಪಟೈಟಿಸ್ ಬಿ ವೈರಾಣುವಿನ ಮೇಲ್ಮೈ ಪ್ರೋಟೀನಿಗೆ ಜೋಡಿಸಿ ಇವನ್ನು ರೂಪಿಸಲಾಗಿದೆ. ಜೊತೆಯಲ್ಲಿ ಸೇರಿಸಿದ ಉತ್ತೇಜಕ ದ್ರವ್ಯವು ಚುಚ್ಚಿದ ಜಾಗದಲ್ಲಿ ಪ್ರತಿರಕ್ಷಣಾ ಕೋಶಗಳನ್ನು ಕೆರಳಿಸುತ್ತದೆ. ಅವು ಲಸಿಕೆಯ ಪ್ರೋಟೀನನ್ನು ಸಮೀಪದ ದುಗ್ಧಗ್ರಂಥಿಗೆ ಒಯ್ಯುತ್ತವೆ; ಅಲ್ಲಿ ಸಹಾಯಕ ಟಿ ಕೋಶಗಳೆಂಬ ಪ್ರತಿರಕ್ಷಣಾ ಕೋಶಗಳ ನೆರವಿನಿಂದ, ಪ್ರತಿಕಾಯ ತಯಾರಿಸುವ ಬಿ ಕೋಶಗಳು ವಿಭಜನೆಗೊಳ್ಳುತ್ತ, ತಮ್ಮ ಪ್ರತಿಕಾಯದ ರಚನೆಯನ್ನು ತುಸುತುಸುವೇ ಬದಲಿಸಿಕೊಳ್ಳುತ್ತ, ಗುರಿಗೆ ಹೆಚ್ಚು ಬಿಗಿಯಾಗಿ ಅಂಟುವವುಗಳಷ್ಟೇ ಉಳಿಯುವಂತೆ ಸೋಸಲ್ಪಡುತ್ತವೆ. ಈ ಕೆಲಸಕ್ಕೆ ವಾರಗಳು ಹಿಡಿಯುವುದರಿಂದಲೇ ಡೋಸ್‌ಗಳ ನಡುವೆ ಅಂತರವಿರುತ್ತದೆ.

ಹೀಗೆ ಹುಟ್ಟಿದ ಪ್ರತಿಕಾಯಗಳು ಸ್ಪೋರೋಜಾಯಿಟ್‌ಗೆ ಅಂಟಿ ಅದರ ಚಲನೆಯನ್ನೇ ತಡೆಯುತ್ತವೆ. ಆದರೆ ಅವನ್ನು ತಯಾರಿಸುವ ಕೋಶಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು. ಮೂಳೆಮಜ್ಜೆಯಲ್ಲಿ ನೆಲೆಯೂರಿ ವರ್ಷಗಟ್ಟಲೆ ದುಡಿಯುವವು ಕೆಲವೇ. ಹಾಗಾಗಿ ಪ್ರತಿಕಾಯಗಳ ಮಟ್ಟ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿ ಕುಸಿದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆಫ್ರಿಕಾದ ಏಳು ದೇಶಗಳಲ್ಲಿ ನಡೆದ ಆರ್‌ಟಿಎಸ್,ಎಸ್ ಪರೀಕ್ಷೆಯಲ್ಲಿ 5ರಿಂದ 17 ತಿಂಗಳ ಮಕ್ಕಳಲ್ಲಿ ಮಲೇರಿಯಾ ಪ್ರಕರಣಗಳು ಮೊದಲ ವರ್ಷ ಅರ್ಧದಷ್ಟು ತಗ್ಗಿದವು. ನಾಲ್ಕು ಡೋಸ್ ಪಡೆದವರಲ್ಲಿ ಸುಮಾರು ನಾಲ್ಕು ವರ್ಷಗಳ ಅವಧಿಯ ಒಟ್ಟು ಇಳಿಕೆ ಶೇ 36ರಷ್ಟಿತ್ತು. ನಾಲ್ಕನೆಯ ಡೋಸ್ ಇರುವುದು ಕುಸಿದ ಮಟ್ಟವನ್ನು ಮತ್ತೆ ಏರಿಸಲು. ಶೇ 36 ಎಂಬುದು ಚಿಕ್ಕ ಸಂಖ್ಯೆಯೆಂದು ಕೆಲವರು ಕಡೆಗಣಿಸುವುದನ್ನು ನಾನು ಒಪ್ಪಲಾರೆ. ಒಂದೇ ವರ್ಷದಲ್ಲಿ ಹಲವು ಬಾರಿ ಮಲೇರಿಯಾಕ್ಕೆ ಈಡಾಗುವ ಮಗುವಿಗೆ ತಪ್ಪಿದ ಪ್ರತಿಯೊಂದು ಜ್ವರವೂ ರಕ್ತಹೀನತೆಯಿಂದ, ಕೆಲವೊಮ್ಮೆ ಸಾವಿನಿಂದಲೂ ದೊರೆತ ಬಿಡುಗಡೆಯೇ ಆಗಿರುತ್ತದೆ.

ಇನ್ನೊಂದು ಮಿತಿಯೂ ಇದೆ. ತಪ್ಪಿಸಿಕೊಂಡ ಒಂದೇ ಸ್ಪೋರೋಜಾಯಿಟ್ ಯಕೃತ್ತಿನಲ್ಲಿ ಸುಮಾರು ಒಂದು ವಾರದಲ್ಲಿ ಸಾವಿರಾರು ಪಟ್ಟು ಹೆಚ್ಚಿ, ಬೇರೊಂದು ರೂಪ ತಳೆದು ಕೆಂಪು ರಕ್ತಕಣಗಳ ಮೇಲೆ ಎರಗುತ್ತದೆ. ಆ ರೂಪದ ಮೈಮೇಲೆ ಸಿಎಸ್‌ಪಿ ಇರುವುದಿಲ್ಲವಾದ್ದರಿಂದ ಲಸಿಕೆಯ ಪ್ರತಿಕಾಯಗಳು ಅದನ್ನು ಗುರುತಿಸಲಾರವು. ಸೋಂಕು ತಗುಲಿದ ಯಕೃತ್ತಿನ ಕೋಶಗಳನ್ನೇ ಕೊಲ್ಲಬಲ್ಲ ಟಿ ಕೋಶಗಳನ್ನು ಎಬ್ಬಿಸಲು, ವಿಕಿರಣದಿಂದ ದುರ್ಬಲಗೊಳಿಸಿದ ಇಡೀ ಸ್ಪೋರೋಜಾಯಿಟ್‌ಗಳನ್ನು ಬಳಸುವ ಪ್ರಯೋಗಗಳು ನಡೆದಿರುವುದು ಇದೇ ಕಾರಣಕ್ಕೆ. ಈಗಿನ ಲಸಿಕೆ ಪಡೆದ ಮಗುವಿಗೆ ಮಲೇರಿಯಾ ಇರುವ ಪ್ರದೇಶದಲ್ಲಿ ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಸೊಳ್ಳೆಪರದೆಯ ಬಳಕೆಯನ್ನೂ ನಿಲ್ಲಿಸಬಾರದು.