ಪುಟ್ಟ ದೋಣಿಗೆ ಒಳ ಎಂಜಿನ್: ಓದುಗರು ಕೇಳಿದ್ದು

ಸಣ್ಣ ಮೀನುಗಾರಿಕೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಯಂತ್ರ ಕಳಚಿ, ಒಳಗೆ ಡೀಸೆಲ್ ಎಂಜಿನ್ ಕೂರಿಸುವ ಬಗ್ಗೆ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಬಹುತೇಕರು ಕೇಳಿರುವುದು ಯಾವ ಎಂಜಿನ್ ಎಂದು. ಕಾಟ ಕೊಡುವುದು ಸಾಮಾನ್ಯವಾಗಿ ಎಂಜಿನ್ನಿನ ಹಿಂದಿರುವ ಶಾಫ್ಟು, ಪ್ರೊಪೆಲ್ಲರ್, ಹೊಗೆಕೊಳವೆಗಳು. ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರಶ್ನೆ: ನನ್ನದು 25 ಅಡಿಯ ಫೈಬರ್ ದೋಣಿ. ಈಗ 25 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ ಇದೆ. ಡೀಸೆಲ್ ಹಾಕಿದರೂ ಅಷ್ಟೇ ಎಚ್‌ಪಿ ಬೇಕೇ?

ಮೊದಲು ನಿಮ್ಮ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೋ, ನೀರಿನ ಮೇಲೆದ್ದು ಜಾರುತ್ತದೋ ನೋಡಿ. ಹಗುರವಾದ ಚಪ್ಪಟೆ ತಳದ ದೋಣಿ 12–15 ನಾಟ್ ವೇಗದಲ್ಲಿ ಜಾರುತ್ತಿದ್ದರೆ ಈ ಯೋಚನೆ ಬಿಡಿ. ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಟ್ಯಾಂಕ್, ಬ್ಯಾಟರಿ ಎಲ್ಲ ಸೇರಿ 200–250 ಕೆಜಿ ಒಳಗೆ ಬಂದು ಕೂರುತ್ತದೆ. ಆಮೇಲೆ ಅದು ಮೇಲೇಳುವುದಿಲ್ಲ.

ನೀರು ಸೀಳುವ ದೋಣಿಯಾದರೆ ಲೆಕ್ಕ ಸುಲಭ. ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗ ನಾಟ್‌ನಲ್ಲಿ ಸಿಗುತ್ತದೆ. 23 ಅಡಿಗೆ ಅದು ಸುಮಾರು 6.4 ನಾಟ್. ಅದರಾಚೆ ಎಷ್ಟು ಎಚ್‌ಪಿ ಸುರಿದರೂ ಹಿಂಬದಿ ಕುಸಿದು, ಅಲೆ ದೊಡ್ಡದಾಗಿ, ಎಣ್ಣೆ ಖಾಲಿಯಾಗುತ್ತದೆ ಅಷ್ಟೆ. ಈ ವೇಗಕ್ಕೆ ತುಂಬಿದ ದೋಣಿಯ ಪ್ರತಿ ಟನ್ನಿಗೆ 4–5 ಎಚ್‌ಪಿ ಸಾಕು. ಬಲೆ, ಮಂಜುಗಡ್ಡೆ, ಮೀನು, ಜನ ಸೇರಿ 3 ಟನ್ ಆದರೆ 15 ಎಚ್‌ಪಿ. ಎದುರುಗಾಳಿಗೂ ಬಲೆ ಎಳೆಯುವುದಕ್ಕೂ ಒಂದಿಷ್ಟು ಸೇರಿಸಿ 20 ಎಚ್‌ಪಿ ಇಟ್ಟುಕೊಳ್ಳಿ.

ಡೀಸೆಲ್ ಎಂಜಿನ್ ಎಚ್‌ಪಿಯೊಂದಕ್ಕೆ ಗಂಟೆಗೆ 0.21–0.24 ಲೀಟರ್ ಕುಡಿಯುತ್ತದೆ. 14 ಎಚ್‌ಪಿ ಭಾರದಲ್ಲಿ ಓಡಿಸಿದರೆ ಗಂಟೆಗೆ ಮೂರು ಲೀಟರಿಗಿಂತ ತುಸು ಹೆಚ್ಚು. ಹಳೆಯ ಟೂ-ಸ್ಟ್ರೋಕ್ ಪೆಟ್ರೋಲ್ ಯಂತ್ರ ಅಷ್ಟೇ ಕೆಲಸಕ್ಕೆ ಹೆಚ್ಚುಕಮ್ಮಿ ಇದರ ಎರಡು ಪಟ್ಟು ಕೇಳುತ್ತದೆ.

ಏನನ್ನೂ ಕತ್ತರಿಸುವ ಮೊದಲು ಇದೊಂದು ಪರೀಕ್ಷೆ ಮಾಡಿ. ಔಟ್‌ಬೋರ್ಡ್ ತೆಗೆದು, ಎಂಜಿನ್ ಬರಬೇಕಾದ ಜಾಗದಲ್ಲಿ ಅದರ ತೂಕದಷ್ಟೇ ಮರಳಿನ ಚೀಲ ಇಟ್ಟು ದೋಣಿಯನ್ನು ನೀರಿಗಿಳಿಸಿ. ಮೂತಿ ತಗ್ಗಿತೋ ಹಿಂಬದಿ ತಗ್ಗಿತೋ ಆಗಲೇ ಕಾಣುತ್ತದೆ. ಚೀಲ ಸರಿಸುವುದಕ್ಕೆ ಖರ್ಚಿಲ್ಲ.

ಪ್ರಶ್ನೆ: ನೀರೆತ್ತುವ ಪಂಪ್‌ಸೆಟ್ಟಿನ ಒಂಟಿ ಸಿಲಿಂಡರ್ ಎಂಜಿನ್ ಒಂದು ಇದೆ. ಅದಕ್ಕೇ ಶಾಫ್ಟ್ ಜೋಡಿಸಿದರೆ ಆಗದೇ?

ಓಡುತ್ತದೆ, ಆದರೆ ನೇರವಾಗಿ ಜೋಡಿಸಬೇಡಿ. ಪ್ರೊಪೆಲ್ಲರ್ ದೋಣಿಯನ್ನು ತಳ್ಳುವಾಗ ಆ ಒತ್ತಡ ಶಾಫ್ಟಿನ ಉದ್ದಕ್ಕೂ ಮುಂದೆ ಬರುತ್ತದೆ. ಮರೈನ್ ಗೇರ್‌ಬಾಕ್ಸಿನಲ್ಲಿ ಅದನ್ನು ತಡೆಯುವ ಥ್ರಸ್ಟ್ ಬೇರಿಂಗ್ ಇರುತ್ತದೆ. ಪಂಪ್‌ಸೆಟ್ಟಿನಲ್ಲಿ ಕ್ರ್ಯಾಂಕ್‌ಶಾಫ್ಟಿನ ತೆಳು ವಾಷರುಗಳೇ ಅದನ್ನು ಹೊರಬೇಕಾಗಿ ಬಂದು ಬೇಗ ಸವೆಯುತ್ತವೆ. ಕಾರಿನ ಗೇರ್‌ಬಾಕ್ಸ್ ಹಾಕಿದರೂ ಇದೇ ಪಾಡು.

ಇನ್ನೊಂದು ತೊಡಕು ಎಂಜಿನ್ನಿನ ವಾಲು. ಶಾಫ್ಟಿನ ಇಳಿಜಾರಿಗೆ ತಕ್ಕಂತೆ ಎಂಜಿನ್ 8–10 ಡಿಗ್ರಿ ವಾಲಬೇಕು. ಕನೆಕ್ಟಿಂಗ್ ರಾಡಿನ ಡಿಪ್ಪರ್ ಎಣ್ಣೆ ಎರಚುವ ಮಾದರಿಯಲ್ಲಿ, ವಾಲಿದಾಗ ಎಣ್ಣೆ ಒಂದು ಬದಿಗೆ ಹೋಗಿ ಡಿಪ್ಪರಿಗೆ ಸಿಗದೆ ಬೇರಿಂಗ್ ಸುಡುತ್ತದೆ. ಎಣ್ಣೆ ಪಂಪ್ ಇರುವ ಎಂಜಿನ್ನೇ ಆಗಲಿ. ರಿವರ್ಸ್ ಇಲ್ಲದೆ ದಡಕ್ಕೆ ಬರುವುದೂ ಬಲೆಯ ಪಕ್ಕ ನಿಲ್ಲುವುದೂ ಅಪಾಯ.

ಈ ಎಂಜಿನ್ನುಗಳಿಗೆ ಒಂದು ಒಳ್ಳೆಯ ಗುಣವೂ ಇದೆ. 1500 ಆರ್‌ಪಿಎಂನ ನಿಧಾನ ವೇಗ ಪ್ರೊಪೆಲ್ಲರಿಗೆ ಹಿತ. ಪ್ರತ್ಯೇಕ ಥ್ರಸ್ಟ್ ಬ್ಲಾಕ್, ರಿವರ್ಸ್ ಗೇರ್, ಕೈಗೆ ಸಿಗುವ ಥ್ರಾಟಲ್ ಇಷ್ಟನ್ನು ಸೇರಿಸಿದರೆ ದುಡಿಯುತ್ತದೆ. ಅವನ್ನೆಲ್ಲ ಸೇರಿಸಿದ ಮೇಲೆ ಅಗ್ಗವಾಗಿ ಉಳಿಯುತ್ತದೆಯೇ ಎಂದು ಮಾತ್ರ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: 20 ಎಚ್‌ಪಿ, 3000 ಆರ್‌ಪಿಎಂ ಎಂಜಿನ್ ಗೊತ್ತುಮಾಡಿದ್ದೇವೆ. ಎಷ್ಟು ಇಂಚಿನ ಪ್ರೊಪೆಲ್ಲರ್ ತರಬೇಕು?

ಪ್ರಶ್ನೆ ಹಿಂದುಮುಂದಾಗಿದೆ. ದೋಣಿಯ ಅಡಿಯಲ್ಲಿ ಎಷ್ಟು ದೊಡ್ಡ ಪ್ರೊಪೆಲ್ಲರ್ ಹಿಡಿಸುತ್ತದೆ ಎಂದು ಅಳೆದು, ಅದಕ್ಕೆ ಸರಿಹೋಗುವ ಗೇರ್ ಅನುಪಾತ ಆರಿಸಿ, ಎಂಜಿನ್ ಆಮೇಲೆ ಗೊತ್ತುಮಾಡಬೇಕಿತ್ತು.

ನಿಮ್ಮ ಎಂಜಿನ್ನಿಗೆ ಮೂರು ಅಲಗಿನ ಪ್ರೊಪೆಲ್ಲರ್ ಅಂದಾಜು ಹೀಗೆ: 2.5:1 ಗೇರಿನಲ್ಲಿ ಶಾಫ್ಟ್ 1200 ಆರ್‌ಪಿಎಂ, ವ್ಯಾಸ 16 ಇಂಚು, ಪಿಚ್ (ಜಾರದಿದ್ದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ) 11. 2:1ರಲ್ಲಿ 1500 ಆರ್‌ಪಿಎಂ, 14 ಇಂಚು, ಪಿಚ್ 8½ರಿಂದ 9. ಗೇರ್ ಇಳಿಸದೆ ನೇರ ತಿರುಗಿಸಿದರೆ ಒಂಬತ್ತೂವರೆ ಇಂಚಿನ ಪುಟಾಣಿ. ಮೂರು ಟನ್ ತಳ್ಳಲು ಅದು ನೀರನ್ನು ಕಡೆಯುತ್ತದೆಯೇ ಹೊರತು ದೋಣಿ ಸಾಗುವುದಿಲ್ಲ. ಭಾರದ ದೋಣಿಗೆ ದೊಡ್ಡದಾಗಿ ನಿಧಾನ ತಿರುಗುವುದೇ ಮೇಲು.

ಪಿಚ್ ಲೆಕ್ಕ ನೀವೇ ಮಾಡಬಹುದು. 6.4 ನಾಟ್ ಎಂದರೆ ನಿಮಿಷಕ್ಕೆ 197 ಮೀಟರ್. ಅದನ್ನು 1200ರಿಂದ ಭಾಗಿಸಿದರೆ ಸುತ್ತಿಗೆ 164 ಮಿಮೀ. ನೀರಿನಲ್ಲಿ ಸುಮಾರು 40 ಶೇಕಡಾ ಜಾರುವುದರಿಂದ 0.6ರಿಂದ ಭಾಗಿಸಿ: 273 ಮಿಮೀ, ಅಂದರೆ ಹತ್ತೂಮುಕ್ಕಾಲು ಇಂಚು.

ಅಲಗಿನ ತುದಿಗೂ ದೋಣಿಯ ತಳಕ್ಕೂ ನಡುವೆ ವ್ಯಾಸದ 15 ಶೇಕಡಾ ಸಂದು ಬೇಕು. 16 ಇಂಚಿಗೆ ಅದು 6 ಸೆಂಮೀ. ಇಷ್ಟು ಸಂದು ಬಿಡದಿದ್ದರೆ ಪ್ರತಿ ಅಲಗು ಹಾದಾಗಲೂ ತಳ ಗುದ್ದಿಸಿಕೊಂಡು ದೋಣಿಯೆಲ್ಲ ನಡುಗುತ್ತದೆ. ಕೊಳ್ಳುವ ಮುನ್ನ ಗೇರ್‌ಬಾಕ್ಸಿನ ಹೊರತುದಿ ಮುಂದೋಟದಲ್ಲಿ ಯಾವ ಕಡೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿ. ಪ್ರೊಪೆಲ್ಲರಿನ ಎಡ-ಬಲ ತಪ್ಪಿದರೆ ರಿವರ್ಸಿನಲ್ಲಿ ಮುಂದೆ ಹೋಗಬೇಕಾದೀತು. ಬಹಳಷ್ಟು ಗೇರ್‌ಬಾಕ್ಸುಗಳು ಅದನ್ನು ದಿನವಿಡೀ ತಾಳವು.

ನೀರಿಗಿಳಿಸಿದ ಮೇಲೆ ಭಾರ ತುಂಬಿ, ಪೂರ್ತಿ ಥ್ರಾಟಲ್ ಕೊಡಿ. 3000 ಮುಟ್ಟದೆ ಕಪ್ಪು ಹೊಗೆ ಉಗುಳಿದರೆ ಪ್ರೊಪೆಲ್ಲರ್ ಹೆಚ್ಚಾಯಿತು. ಪಿಚ್ಚನ್ನು ಒಂದೊಂದೇ ಇಂಚು ತಗ್ಗಿಸಿ. ವ್ಯಾಸದಲ್ಲಿ 1 ಇಂಚು ಕಡಿಮೆ ಮಾಡಿದರೆ ಪಿಚ್ಚಿನಲ್ಲಿ 2 ಇಂಚಿನಷ್ಟಾದರೂ ಫಲ. ಇದನ್ನು ಸರಿಪಡಿಸದೆ ಓಡಿಸಿದ ಎಂಜಿನ್ ವಾಲ್ವ್, ಪಿಸ್ಟನ್ ಸುಟ್ಟುಕೊಳ್ಳುತ್ತದೆ.

ಪ್ರಶ್ನೆ: ಎಂಜಿನ್ ಕೂರುವ ಬೆಡ್ ಮತ್ತು ಶಾಫ್ಟಿನ ತೂತು, ಇವುಗಳಲ್ಲಿ ಯಾವುದು ಮೊದಲು? ಎಂಜಿನ್ ಕೂರಿಸಿ ಶಾಫ್ಟ್ ಜೋಡಿಸೋಣ ಎಂದು ಮೇಸ್ತ್ರಿ ಹೇಳುತ್ತಾರೆ.

ಶಾಫ್ಟ್ ಮೊದಲು. ಎಂಜಿನ್ನನ್ನು ಶಾಫ್ಟಿಗೆ ಹೊಂದಿಸಬೇಕು.

ಪ್ರೊಪೆಲ್ಲರಿನ ನಡುಬಿಂದುವಿನಿಂದ ಗೇರ್‌ಬಾಕ್ಸಿನ ಕಪ್ಲಿಂಗ್ (ಶಾಫ್ಟನ್ನು ಸೇರಿಸುವ ಜೋಡುಬಿಲ್ಲೆ) ಬರುವ ಬಿಂದುವಿಗೆ ತೆಳು ತಂತಿಯನ್ನು ಬಿಗಿಯಾಗಿ ಎಳೆಯಿರಿ. ಉಳಿದ ಎಲ್ಲ ಅಳತೆ ಆ ತಂತಿಯಿಂದಲೇ. ಮರದ ದೋಣಿಯಲ್ಲಿ ಕೊರೆಯುವ ಮೊದಲು ಹಿಂಬದಿಯ ದಿಮ್ಮಿಯ ಮೇಲೆ ಅಯಸ್ಕಾಂತ ಆಡಿಸಿ. ಹಾದಿಯಲ್ಲಿ ಕಬ್ಬಿಣದ ಬೋಲ್ಟ್ ಇದ್ದರೆ ಮೊದಲು ಅದನ್ನು ಬೇರೆಡೆಗೆ ಹಾಕಿಕೊಳ್ಳಿ. 12 ಮಿಮೀ ತೂತು ಕೊರೆದು, ಅದರೊಳಗೆ ಬೋರಿಂಗ್ ಬಾರ್ ತೂರಿಸಿ, ಎರಡೂ ತುದಿಗೆ ಆಧಾರ ಕೊಟ್ಟು, ಶಾಫ್ಟ್ ಹೊರಹೋಗುವ ಕೊಳವೆಯ (ಸ್ಟರ್ನ್ ಟ್ಯೂಬ್) ಅಳತೆಗೆ ಅಗಲಿಸಿ. ಚಿಕ್ಕ ತೂತು ತುಸು ಓರೆ ಬಂದರೂ ಬಾರ್ ಅದನ್ನು ತಿದ್ದಿಕೊಡುತ್ತದೆ.

ಫೈಬರಿನಲ್ಲಿ ತೂತನ್ನು ಬೇಕೆಂದೇ ದೊಡ್ಡದಾಗಿ ಕತ್ತರಿಸಿ. ಶಾಫ್ಟ್, ಬೇರಿಂಗ್ ಸಮೇತ ಸ್ಟರ್ನ್ ಟ್ಯೂಬನ್ನು ತಂತಿಯ ಗೆರೆಗೆ ತಂದು, ನಾಲ್ಕು ಕಡೆ ಗಟ್ಟಿ ರೆಸಿನ್ ಮೆತ್ತಿ ನಿಲ್ಲಿಸಿ. ಒಣಗಿದ ಮೇಲೆ ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಮಾತ್ರ ಗ್ಲಾಸ್ ಹಾಕಿ ಪೂರ್ತಿ ಮುಚ್ಚಿ.

20 ಎಚ್‌ಪಿಗೆ 1200 ಆರ್‌ಪಿಎಂನಲ್ಲಿ 30 ಮಿಮೀ ಶಾಫ್ಟ್ ಇರಲಿ. ಹಗ್ಗ ಸುತ್ತಿಕೊಂಡಾಗ ಬೀಳುವ ತಿರುಚನ್ನು 25 ಮಿಮೀ ತಾಳುವುದು ಸಂಶಯ. ಸ್ಟೇನ್‌ಲೆಸ್ ಆದರೆ 316 ದರ್ಜೆ. ಬೇರಿಂಗುಗಳ ನಡುವಿನ ಅಂತರ ಶಾಫ್ಟಿನ ವ್ಯಾಸದ 40 ಪಟ್ಟು ಮೀರಬಾರದು, 20 ಪಟ್ಟಿಗಿಂತ ಕಡಿಮೆಯೂ ಆಗಬಾರದು: 30 ಮಿಮೀಗೆ 60 ಸೆಂಮೀಯಿಂದ 1.2 ಮೀಟರ್. ಪ್ರೊಪೆಲ್ಲರ್ ಹಿಂದಿನ ಬೇರಿಂಗಿನಿಂದ ಒಂದು ಶಾಫ್ಟ್ ವ್ಯಾಸಕ್ಕಿಂತ ದೂರ ಚಾಚಿಕೊಂಡಿರಬಾರದು. ರಬ್ಬರ್ ಬೇರಿಂಗ್ ನೀರಿನಿಂದಲೇ ತಂಪಾಗುವುದು, ಅದಕ್ಕೆ ನೀರು ಹೋಗುವ ದಾರಿಯನ್ನು ಪೇಂಟ್ ಬಳಿದು ಮುಚ್ಚಬೇಡಿ.

ಬೆಡ್ ಎಂಜಿನ್ನಿನ ಎರಡು ಪಟ್ಟಾದರೂ ಉದ್ದ ಇರಲಿ, ಅಡ್ಡ ಫ್ರೇಮುಗಳಿಗೆ ಬೆಸೆದಿರಲಿ. ಮೋಟು ಬೆಡ್ಡಿನ ಅದುರು ಒಂದೇ ಜಾಗಕ್ಕೆ ಬಿದ್ದು ತಳ ಬಿರಿಯುತ್ತದೆ. ಫೈಬರಿನಲ್ಲಿ ಒಳಗಿನ ಪೇಂಟನ್ನೆಲ್ಲ 40 ನಂಬರಿನ ಕಾಗದದಿಂದ ಉಜ್ಜಿ ತೆಗೆದು, ಅಸಿಟೋನಿನಿಂದ ಒರೆಸಿ, 450 ಗ್ರಾಂ ಮ್ಯಾಟ್ ಮತ್ತು 600 ಗ್ರಾಂ ರೋವಿಂಗ್ ಒಂದಾದ ಮೇಲೊಂದರಂತೆ ಐದಾರು ಪದರ ಹಾಕಿ. ಪ್ರತಿ ಪದರ ತಳದ ಮೇಲೆ 10–15 ಸೆಂಮೀ ಹರಡಬೇಕು. ಹಳೆಯ ಫೈಬರಿಗೆ ಎಪಾಕ್ಸಿ ಹಿಡಿದಷ್ಟು ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಎಂಜಿನ್ನಿನ ಕಾಲುಗಳ (ಮೌಂಟ್) ಬೋಲ್ಟುಗಳ ಅಡಿಗೆ 10 ಮಿಮೀ ಉಕ್ಕಿನ ಪಟ್ಟಿ ಬೇಕು. ಪ್ಲೈವುಡ್ಡಿಗೆ ನೇರ ಸ್ಕ್ರೂ ತಿರುಗಿಸಿ ಬಿಡುವವರಿದ್ದಾರೆ. ಆ ಸ್ಕ್ರೂಗಳು ಅದುರಿಗೆ ಸಡಿಲವಾಗುವುದು ಖಂಡಿತ.

ಪ್ರಶ್ನೆ: ದಡದ ಮೇಲೆ ಅಲೈನ್‌ಮೆಂಟ್ (ಎಂಜಿನ್, ಶಾಫ್ಟ್ ಒಂದೇ ಗೆರೆಗೆ ತರುವುದು) ಸರಿಯಾಗಿಯೇ ಮಾಡಿದ್ದೆವು. ನೀರಿಗಿಳಿದ ಮೇಲೆ ಕಪ್ಲಿಂಗ್ ಗಡಗಡ ಎನ್ನುತ್ತಿದೆ.

ದಡದ ಮೇಲೆ ಮಾಡಿದ್ದು ಅಂದಾಜಿಗೆ ಮಾತ್ರ. ದೋಣಿ ನೀರಿನಲ್ಲಿ ತೇಲಿದಾಗ ಅದರ ಆಕಾರವೇ ತುಸು ಬದಲಾಗುತ್ತದೆ, ಮರದ್ದಾದರೆ ಇನ್ನೂ ಹೆಚ್ಚು. ಒಂದೆರಡು ದಿನ ನೀರಿನಲ್ಲಿ ಬಿಟ್ಟು, ಟ್ಯಾಂಕಿಗೆ ಎಣ್ಣೆ ತುಂಬಿ, ಕಪ್ಲಿಂಗ್ ಬೋಲ್ಟ್ ಬಿಚ್ಚಿ. ಎರಡು ಮುಖಗಳನ್ನು ಮುಟ್ಟುವಷ್ಟು ಹತ್ತಿರ ತಂದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 100 ಮಿಮೀ ಕಪ್ಲಿಂಗಿನಲ್ಲಿ ಸಂದಿನ ವ್ಯತ್ಯಾಸ 0.1 ಮಿಮೀ ದಾಟಬಾರದು. ಈಗ ಶಾಫ್ಟನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ದೊಡ್ಡ ಸಂದು ಶಾಫ್ಟಿನ ಜೊತೆ ತಿರುಗಿದರೆ ಶಾಫ್ಟೋ ಕಪ್ಲಿಂಗೋ ಬಾಗಿದೆ, ಎಂಜಿನ್ ಸರಿಸಿ ಪ್ರಯೋಜನವಿಲ್ಲ. ಇದ್ದಲ್ಲೇ ಇದ್ದರೆ ಮೌಂಟುಗಳನ್ನು ಏರಿಳಿಸಿ ಸರಿಮಾಡಿ.

ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿದರೆ ಈ ಕೆಲಸ ತಪ್ಪುತ್ತದೆ ಎಂದು ಇನ್ನೊಬ್ಬರು ಬರೆದಿದ್ದಾರೆ. ತಪ್ಪುವುದಿಲ್ಲ. ಸದ್ದು ಅಡಗುತ್ತದೆ, ಸವೆತ ಒಳಗೊಳಗೇ ನಡೆಯುತ್ತದೆ.

ಪ್ರಶ್ನೆ: ಶಾಫ್ಟ್ ದೋಣಿಯೊಳಗೆ ಬರುವಲ್ಲಿನ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುತ್ತದೆ. ಪೂರ್ತಿ ಬಿಗಿದುಬಿಡಲೇ?

ಬೇಡ. ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು. ಗ್ಲ್ಯಾಂಡಿನೊಳಗೆ ನೀರು ತಡೆಯುವ ಹುರಿ, ಅಂದರೆ ಪ್ಯಾಕಿಂಗ್, ತಂಪಾಗಿರುವುದು ಅದರಿಂದಲೇ. ಮುಟ್ಟಿದರೆ ಉಗುರುಬೆಚ್ಚಗಿರಬಹುದು, ಸುಡಬಾರದು. ಹೊಸ ಪ್ಯಾಕಿಂಗನ್ನು ಒಂದೇ ಸುರುಳಿಯಾಗಿ ಸುತ್ತದೆ ಮೂರು ನಾಲ್ಕು ಬಿಡಿ ಉಂಗುರಗಳಾಗಿ ಕತ್ತರಿಸಿ, ಕೂಡು ಒಂದರ ಮೇಲೊಂದು ಬಾರದಂತೆ ಕೂರಿಸಿ.

ಪ್ರಶ್ನೆ: ಸಿಲಿಂಡರಿನೊಳಗೆ ಉಪ್ಪುನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗಿದೆ. ಹೆಡ್ ಗ್ಯಾಸ್ಕೆಟ್ ಚೆನ್ನಾಗಿಯೇ ಇದೆ. ನೀರು ಎಲ್ಲಿಂದ ಬಂತು?

ಹೊಗೆಕೊಳವೆಯಿಂದ ಬಂದಿರುವ ಸಂಭವವೇ ಹೆಚ್ಚು. ತಂಪಿನ ನೀರನ್ನು ಹೊಗೆಗೆ ಬೆರೆಸಿ ಹೊರಬಿಡುವ ಏರ್ಪಾಡಿನಲ್ಲಿ, ನೀರು ಬೆರೆಯುವ ಬಾಗು ತುಂಬಿದ ದೋಣಿಯ ನೀರಿನ ಗೆರೆಗಿಂತ 15 ಸೆಂಮೀ ಮೇಲಿಲ್ಲದಿದ್ದರೆ, ಎಂಜಿನ್ ನಿಂತ ಮೇಲೂ ಸಮುದ್ರದ ನೀರು ತಾನಾಗಿ ಎಳೆದುಕೊಂಡು ಬಂದು ಮಫ್ಲರ್ ತುಂಬಿ, ಎಂಜಿನ್ನಿಗೆ ಹಿಮ್ಮೆಟ್ಟುತ್ತದೆ. ಪಂಪಿಗೂ ಬಾಗಿಗೂ ನಡುವಿನ ಕೊಳವೆಯನ್ನು ನೀರಿನ ಗೆರೆಯಿಂದ 30 ಸೆಂಮೀ ಮೇಲಕ್ಕೆ ಒಯ್ದು ಇಳಿಸಿ, ಅತಿ ಎತ್ತರದ ಜಾಗದಲ್ಲಿ ಗಾಳಿ ಸೇರುವ ವಾಲ್ವ್ ಇಡಿ. ಆ ವಾಲ್ವಿಗೆ ಉಪ್ಪು ಕಟ್ಟಿಕೊಂಡರೆ ಅದು ಇದ್ದೂ ಇಲ್ಲದಂತೆ, ಆಗಾಗ ತೊಳೆಯಿರಿ.

ಇನ್ನೊಂದು ದಾರಿ: ಸ್ಟಾರ್ಟ್ ಆಗದ ಎಂಜಿನ್ನನ್ನು ಪದೇಪದೇ ತಿರುಗಿಸುವುದು. ಪಂಪ್ ನೀರು ತರುತ್ತಲೇ ಇರುತ್ತದೆ, ಅದನ್ನು ಹೊರದೂಡುವ ಹೊಗೆಯಿಲ್ಲ. ಎರಡು ಮೂರು ಸಲಕ್ಕೆ ಹಿಡಿಯದಿದ್ದರೆ ನೀರಿನ ವಾಲ್ವ್ ಮುಚ್ಚಿ ಪ್ರಯತ್ನಿಸಿ, ಹಿಡಿದೊಡನೆ ತೆರೆಯಿರಿ. ಮರೆತರೆ ಪಂಪಿನ ರಬ್ಬರ್ ಇಂಪೆಲ್ಲರ್ ಅರ್ಧ ನಿಮಿಷವೂ ಬಾಳದು.

ಮರಳು, ಕೆಸರು ಹೆಚ್ಚಿರುವ ನೀರಿನಲ್ಲಿ ದುಡಿಯುವ ದೋಣಿಗೆ ಕೀಲ್ ಕೂಲಿಂಗ್ ಮತ್ತು ಒಣ ಹೊಗೆಕೊಳವೆಯೇ ನಮ್ಮ ಆಯ್ಕೆ. ಕೀಲಿನ ಪಕ್ಕ ಹೊರಗಡೆ ಓಡುವ ಕೊಳವೆಯಲ್ಲಿ ಸಿಹಿನೀರು ಸುತ್ತುತ್ತದೆ, ಎಂಜಿನ್ನಿನೊಳಗೆ ಉಪ್ಪು ಬರುವುದೇ ಇಲ್ಲ. ಒಣ ಕೊಳವೆ ಮಾತ್ರ ಕೆಂಡದಷ್ಟು ಕಾಯುತ್ತದೆ. ಉದ್ದಕ್ಕೂ ಶಾಖ ತಡೆಯುವ ಸುತ್ತು, ಬುಡದಲ್ಲಿ ಅದುರು ನುಂಗುವ ಸ್ಟೇನ್‌ಲೆಸ್ ಬೆಲ್ಲೋಸ್, ಮಳೆನೀರು ಇಳಿಯದಂತೆ ಮುಚ್ಚಳ ಬೇಕು.

ಪ್ರಶ್ನೆ: ಔಟ್‌ಬೋರ್ಡ್ ತೆಗೆದ ಮೇಲೆ ದೋಣಿ ತಿರುಗುತ್ತಲೇ ಇಲ್ಲ.

ಔಟ್‌ಬೋರ್ಡ್ ತಾನೇ ತಿರುಗಿ ದೋಣಿಯನ್ನು ತಿರುಗಿಸುತ್ತಿತ್ತು. ಈಗ ಪ್ರೊಪೆಲ್ಲರಿನ ಹಿಂದೆಯೇ, ಅದರ ನೀರು ಬಡಿಯುವಂತೆ ಚುಕ್ಕಾಣಿ ಬೇಕು. ನೀರಿನ ಗೆರೆಯ ಉದ್ದವನ್ನು ಮುಳುಗಿದ ಆಳದಿಂದ ಗುಣಿಸಿ, ಅದರ 5 ಶೇಕಡಾ ಹಲಗೆ ಇಡಿ. 7 ಮೀಟರ್ ಉದ್ದ, 60 ಸೆಂಮೀ ಆಳಕ್ಕೆ 60 ಸೆಂಮೀ ಎತ್ತರ, 35 ಸೆಂಮೀ ಅಗಲ ಸರಿ. ಎರಡೂ ಬದಿಗೆ 35 ಡಿಗ್ರಿ ತಿರುಗಲಿ. ಚುಕ್ಕಾಣಿಯನ್ನು ಶಾಫ್ಟಿನ ಗೆರೆಯಿಂದ ತುಸು ಪಕ್ಕಕ್ಕೆ ಇಟ್ಟರೆ ಮುಂದೊಮ್ಮೆ ಶಾಫ್ಟ್ ಎಳೆಯಲು ಅದನ್ನು ಕಳಚಬೇಕಾಗುವುದಿಲ್ಲ.

ಪ್ರಶ್ನೆ: ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಎರಡು ನಿಮಿಷ ಓಡಿ ನಿಲ್ಲುತ್ತದೆ.

ಎಣ್ಣೆ ದಾರಿಯಲ್ಲಿ ಗಾಳಿ ಸೇರಿದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ಇಂಜೆಕ್ಟರಿನ ನಟ್. ಮತ್ತೆ ಮತ್ತೆ ಆಗುತ್ತಿದ್ದರೆ ಫಿಲ್ಟರಿನ ವಾಷರ್ ಅಥವಾ ಟ್ಯಾಂಕಿನಿಂದ ಬರುವ ಕೊಳವೆಯ ಜೋಡಣೆ ಗಾಳಿ ಎಳೆಯುತ್ತಿದೆ. ಟ್ಯಾಂಕ್ ಗ್ಯಾಲ್ವನೈಸ್ ತಗಡಿನದಾದರೆ ಅದನ್ನೂ ಬದಲಿಸಿ. ಡೀಸೆಲ್ ಸತುವಿನ ಜೊತೆ ಸೇರಿ ಫಿಲ್ಟರ್ ಕಟ್ಟಿಸುತ್ತದೆ.

ಪ್ರಶ್ನೆ: ದಿನಾ ದೋಣಿಯನ್ನು ಮರಳ ಮೇಲೆ ಎಳೆಯುತ್ತೇವೆ. ನಮಗೂ ಇದು ಆದೀತೇ?

ಸ್ಥಿರ ಶಾಫ್ಟ್, ಕೆಳಗೆ ಚಾಚಿದ ಪ್ರೊಪೆಲ್ಲರ್ ಇದ್ದರೆ ಆಗದು. ಮೊದಲ ವಾರವೇ ಅಲಗು ಬಾಗುತ್ತದೆ. ಎಂಜಿನ್ನು, ಶಾಫ್ಟು, ಪ್ರೊಪೆಲ್ಲರ್ ಒಂದೇ ಪೆಟ್ಟಿಗೆಯಲ್ಲಿ ಕೂತು ಒಟ್ಟಿಗೆ ಮೇಲೇಳುವ ಮಾದರಿ ಅಥವಾ ಉದ್ದ ಶಾಫ್ಟಿನ ತುದಿಯಲ್ಲಿ ಪ್ರೊಪೆಲ್ಲರ್ ಇರುವ ‘ಉದ್ದ ಬಾಲದ’ ಎಂಜಿನ್ ನೋಡಿ. ಅವೆರಡೂ ಹಿಡಿಸದಿದ್ದರೆ ಔಟ್‌ಬೋರ್ಡಿನಲ್ಲೇ ಇರಿ.